ಬಡಿದು ನೋಡದ ಗಡಿಗೆ

ಸಂತೆಯೆಂದರೆ ನನಗೆ ಮೈ ಉರಿಯುತ್ತದೆ. ಕೌದಿ, ಬುಟ್ಟಿ, ಮೊರಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಸಹೋದ್ಯೋಗಿಗಳ ಖುಷಿ ನನಗೆ ಯಾವತ್ತೂ ಬಂದಿಲ್ಲ. ಅವರು ಕರೆದಾಗಲೆಲ್ಲ ಏನೋ ಒಂದು ನೆವ ಹೇಳಿ ಜಾರಿಕೊಳ್ಳುತ್ತೇನೆ.

ಅವ್ವನಿಗೆ ಮಾತ್ರ ನೆವ ಹೇಳಲಾಗಲಿಲ್ಲ. ಕಳೆದ ಬೇಸಿಗೆಯಲ್ಲಿ ಅವಳನ್ನು ರಾಯಚೂರಿನಿಂದ ನೀರಮಾನ್ವಿ ಎಲ್ಲಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದೆ. ಕಾಯಿ ಒಡೆಸಿದ ಮೇಲೆ, ಮಾನ್ವಿ ಸಂತೆ ಮಾಡಿಕೊಂಡೇ ವಾಪಸ್ ಹೋಗುವುದೆಂದು ಹಟ ಹಿಡಿದಳು.

"ನಿನ್ನ ಫ್ರಿಜ್ಜಿನ ನೀರು ಗಂಟಲಾಗ ಇಳಿಯಂಗಿಲ್ಲ. ನನಗೊಂದು ಸೋರದ ಗಡಿಗಿ ಬೇಕು."

ಸೋರದ ಗಡಿಗೆ. ಆ ಮಾತು ನನಗೆ ನಾಟಿತು. ನಾನು ಚಿಕ್ಕವಳಿದ್ದಾಗ ದೇವದುರ್ಗದ ಸಂತೆಗೆ ಅವ್ವನ ಸೆರಗು ಹಿಡಿದು ಹೋಗುತ್ತಿದ್ದೆ. ಊರ ಹೆಂಗಸರು ಗಡಿಗೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ ಆರಿಸುತ್ತಿದ್ದರು. ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ನಾವು ಮುಟ್ಟಿದ್ದನ್ನು ಬೇರೆಯವರು ಒಯ್ಯುವುದಿಲ್ಲವಂತೆ. ರಸ್ತೆಯ ಈಚೆ ನಿಂತು ಕೈ ತೋರಿಸಬೇಕು. ಮಾರುವವನು ತನಗೆ ತೋಚಿದ ಒಂದನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಮನೆಗೆ ತಂದು ನೀರು ತುಂಬಿದಾಗಲೇ ಅದರ ಬಣ್ಣ ಬಯಲಾಗುತ್ತಿತ್ತು. ಅವ್ವ ಸಿಮೆಂಟು ಮೆತ್ತಿ ಬೇಸಿಗೆ ಕಳೆಯುತ್ತಿದ್ದಳು. ವಾಪಸ್ ಕೊಡಲು ಒಮ್ಮೆಯೂ ಹೋಗಲಿಲ್ಲ.

ಮಾನ್ವಿಯಲ್ಲಿ ಒಣಮೆಣಸಿನಕಾಯಿ ರಾಶಿಗಳನ್ನು ದಾಟಿದರೆ ಗಡಿಗೆಯ ಸಾಲು. ಮಾರುತ್ತ ಕೂತವಳು ನನಗಿಂತ ಚಿಕ್ಕ ಹೆಣ್ಣುಮಗಳು. "ಬರ್ರಿ ಅಕ್ಕಾರ" ಎಂದಳು. ನಾನು ನಗಲಿಲ್ಲ. ಒಂದು ಗಡಿಗೆ ಎತ್ತಿ ಬಡಿದೆ. ಕೆಳಗಿಟ್ಟು ಇನ್ನೊಂದು ಬಡಿದೆ. ಮತ್ತೊಂದು.

"ಅಕ್ಕಾರ, ಮೆಲ್ಲಕ. ಉಂಗುರ ತಗದು ಬಡೀರಿ, ಸೀಳ್ತಾವ."

"ಉಂಗುರಕ್ಕ ಸೀಳೋ ಗಡಿಗಿ ಯಾಕ ಮಾರಾಕತ್ತಿ? ಮುಟ್ಟಬ್ಯಾಡ ಅಂತೀಯೇನು?"

ಅವಳು ಕಣ್ಣರಳಿಸಿ ನೋಡಿದಳು. "ಯಾರ ಅಂದ್ರು ಹಂಗ? ಮುಟ್ಟದ ಹೆಂಗ ತಗೋತೀರಿ?"

ಅವಳ ತಪ್ಪೇನೂ ಇರಲಿಲ್ಲ. ದೇವದುರ್ಗದ ಆ ಮನುಷ್ಯ ಯಾರೋ, ಇವಳು ಯಾರೋ. ನನಗದು ಆಗಲೂ ಗೊತ್ತಿತ್ತು, ಗೊತ್ತಿದ್ದೇ ಬಡಿದೆ. ಬೇಕೆಂದೇ ಜೋರಾಗಿ ಬಡಿದೆ, ಎಲ್ಲವನ್ನೂ ಮುಟ್ಟಿದೆ, ಸಾಲನ್ನು ಅಸ್ತವ್ಯಸ್ತ ಮಾಡಿದೆ. ಪಕ್ಕದ ಮೆಣಸಿನಕಾಯಿ ಮುದುಕಿ "ಓದಿದವರ ಹಾಂಗ ಕಾಣ್ತೀರಿ, ಹಿಂಗ್ಯಾಕ ಮಾಡಾಕತ್ತೀರಿ?" ಎಂದಾಗ ಅವಳ ಮೇಲೂ ಹರಿಹಾಯ್ದೆ. ಸುತ್ತ ನಾಲ್ಕು ಜನ ನಿಂತು ನೋಡಿದರು. ನೋಡಲಿ ಎಂದೇ ನನಗಿತ್ತು.

ಅವ್ವ ಮಾತ್ರ ಹತ್ತಿರ ಬಂದಿರಲಿಲ್ಲ. ಎರಡು ಮಾರು ದೂರದಲ್ಲಿ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. "ಯಾವುದರ ಕೊಡಲಿ, ತಗೊಂಡು ಬಾರವ್ವಾ" ಎಂದಳು. ನನಗೆ ಅವಳ ಮೇಲೂ ಸಿಟ್ಟು ನೆತ್ತಿಗೇರಿತು. ತೋಳು ಹಿಡಿದು ಎಳೆದು ತಂದೆ.

"ನೀನ ಆರಿಸು ಬೇ. ಬಡದು ನೋಡು. ಯಾರೇನಂತಾರ ನಾನೂ ನೋಡ್ತೀನಿ."

ಗಡಿಗೆಯವಳು ನನ್ನ ಕಡೆ ತಿರುಗಿಯೂ ನೋಡದೆ ಒಂದು ಗಡಿಗೆಯನ್ನು ಅವ್ವನ ಮುಂದೆ ಎತ್ತಿ ಹಿಡಿದಳು. "ನೋಡ್ರಿ ಯವ್ವಾ, ಕುಂತು ಸಾವಕಾಶ ನೋಡ್ರಿ."

ಅವ್ವ ಕುಳಿತಳು. ಸೆರಗಿನಿಂದ ಬಲಗೈ ಹೊರಗೆ ತೆಗೆದಳು. ಬೆರಳು ಮಡಚಿ ಒಂದು ಸಲ ಬಡಿದು, ಕಿವಿ ಹತ್ತಿರ ತಂದಳು. ಮತ್ತೆ ಬಡಿದಳು. ಇನ್ನೊಂದನ್ನು ಎತ್ತಿಕೊಂಡು ಅದನ್ನೂ ಬಡಿದಳು. ಆಮೇಲೆ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ನನ್ನನ್ನು ಕೇಳಿದಳು:

"ಚಲೋ ಗಡಿಗಿ ಇದ್ರ ಸಪ್ಪಳ ಹೆಂಗ ಬರ್ತದವ್ವಾ?"

ಅಷ್ಟು ಹೊತ್ತು ಇಡೀ ಸಾಲನ್ನು ಬಡಿದವಳು ನಾನು. ಒಂದರ ಸಪ್ಪಳವನ್ನೂ ಕೇಳಿರಲಿಲ್ಲ. ಕೇಳಿದ್ದರೂ ಯಾವುದು ಒಳ್ಳೆಯದು, ಯಾವುದು ಸೀಳಿದ್ದು ಎಂದು ನನಗೂ ಗೊತ್ತಿರಲಿಲ್ಲ. ಮಗಳಿಗೆ ಹೇಳಿಕೊಡಬೇಕಾದವಳು ನನ್ನ ಮುಖ ನೋಡುತ್ತ ಕುಳಿತಿದ್ದಳು. ಗೊತ್ತಿದ್ದವಳು ಅಲ್ಲಿ ಒಬ್ಬಳೇ, ಆ ಗಡಿಗೆಯವಳು. ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ.