ಚೆನ್ನವ್ವನ ಮಾಳಿಗೆಯ ಹುಲ್ಲು

ನೂಲ ಎಂಬ ಊರಿನ ಚೆನ್ನವ್ವನಿಗೆ ಮರ್ಯಾದೆಯೆಂದರೆ ಮಾಳಿಗೆ. ಹಲಕರ್ಣಿಯಿಂದ ಸೊಸೆಯಾಗಿ ಬಂದ ದಿನ ಬೀಗರ ಪೈಕಿ ಹೆಂಗಸೊಬ್ಬಳು ಮನೆಯ ಚಾವಣಿಯಾದ ಮಣ್ಣಿನ ಮಾಳಿಗೆಯತ್ತ ಕತ್ತೆತ್ತಿ, "ಹುಲ್ಲ ಬೆಳದೈತಲ್ಲವ್ವ, ಈ ಮನ್ಯಾಗ ಮಂದಿ ಅದಾರೋ ಇಲ್ಲೋ?" ಎಂದಿದ್ದಳು. ಆಡಿದವಳು ಊಟ ಮಾಡಿ ಹೋದಳು, ಮಾತು ಮಾತ್ರ ಚೆನ್ನವ್ವನ ಕಿವಿಯಲ್ಲಿ ನಲವತ್ತು ವರ್ಷ ಉಳಿಯಿತು. ಪ್ರತಿ ವರ್ಷ ಮೃಗಶಿರಾ ಮಳೆಗೆ ಮೊದಲೇ ಏಣಿ ಹತ್ತಿ ಒಂದೆಸಳೂ ಬಿಡದೆ ಕಿತ್ತು, ಊರ ಹುಲ್ಲುಗಾವಲಾದ ಗಾಯರಾಣದಿಂದ ಬುಟ್ಟಿಯಲ್ಲಿ ಹೊತ್ತು ತಂದ ಬಿಳಿಮಣ್ಣು ಹರವಿ ಬಡಿಯುತ್ತಿದ್ದಳು. ಗಂಡ ಬಸವಣ್ಣೆಪ್ಪ ಕೆಳಗೆ ಏಣಿ ಹಿಡಿಯುತ್ತಿದ್ದ, ಅಷ್ಟೇ ಅವನ ಪಾಲು.

ಓಣಿಯವರೆಲ್ಲ ಸ್ಲ್ಯಾಬ್ ಹಾಕಿಸಿದರು. ಮಣ್ಣಿನ ಮಾಳಿಗೆ ಉಳಿದದ್ದು ಎರಡೇ: ಇವಳದು, ಮತ್ತು ಗೋಡೆಗೆ ಗೋಡೆ ಹಚ್ಚಿದ್ದ ಯಮುನವ್ವನದು. ಯಮುನವ್ವನದು ಅರ್ಧ ಕುಸಿದಿತ್ತು, ಅದರ ಮೇಲೆ ಅವಳ ಆಡೊಂದು ಬಿಟ್ಟರೆ ಯಾರೂ ಕಾಲಿಡುವಂತಿರಲಿಲ್ಲ. ಗೆಳತಿಯರಿಬ್ಬರ ಮುಂಜಾನೆಯ ಚಹಾ ಮಾತ್ರ ಎಂದೂ ಬೇರೆಯಾದದ್ದಿಲ್ಲ.

ಮೂರು ವರ್ಷದ ಹಿಂದೆ ಚೆನ್ನವ್ವನ ಮೊಣಕಾಲು ಮಾತು ಕೇಳುವುದನ್ನು ಬಿಟ್ಟಿತು. ಹುಲ್ಲಿಗೆ ಅಷ್ಟೇ ಸಾಕಾಯಿತು. ಮಳೆಗಾಲದಲ್ಲಿ ಮಾಳಿಗೆ ತುಂಬ ಹಸಿರು ನಿಂತಿತು, ಚೆನ್ನವ್ವ ಓಣಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದಳು.

ಈ ಶ್ರಾವಣದಲ್ಲಿ ಗಡಹಿಂಗ್ಲಜದ ಕಾಲೇಜಿನಿಂದ ಸಸ್ಯಶಾಸ್ತ್ರ ಓದುವ ಋತುಜಾ ಎಂಬ ಹುಡುಗಿ ಬಂದಳು. ಅವಳಿಗೆ ಬೇಕಾಗಿದ್ದದ್ದು ಅದೇ ಹುಲ್ಲು! ಕಡ್ಡಿಯ ಚೌಕಟ್ಟನ್ನು ಮಾಳಿಗೆಯ ಮೇಲೆ ಅಲ್ಲಲ್ಲಿ ಇಟ್ಟು, ಒಳಗಿದ್ದ ಗಿಡಗಳನ್ನು ಎಣಿಸಿ ಬರೆದುಕೊಂಡಳು. ಗಾಯರಾಣದಲ್ಲೂ ಹಾಗೆಯೇ ಎಣಿಸಿ ಬಂದು, ಕಣ್ಣರಳಿಸಿ ಹೇಳಿದಳು: "ಆಜೀ, ಗಾಯರಾಣದಾಗ ಹದಿನಾರು ನಮೂನಿ ಅದಾವ. ನಿಮ್ಮ ಮಾಳಿಗಿ ಮ್ಯಾಲೆ ಇಪ್ಪತ್ತೇಳು! ಅಲ್ಲಿ ಕುರಿ ಮೇದು ಹೋದದ್ದು ಇಲ್ಲಿ ಉಳದೈತ್ರಿ. ಈ ಜೀರಿಗಿಯಷ್ಟು ಬಿಳಿ ಹೂವಿಂದಂತೂ ಅಲ್ಲಿ ಒಂದೂ ಸಿಗಲಿಲ್ಲ. ಸೋಮವಾರ ನಮ್ಮ ಕಾಲೇಜಿನ ಸರ್‌ನ ಕರಕೊಂಡ ಬರ್ತೀನಿ, ಫೋಟೊ ತಗೀತಾರ."

ಇಪ್ಪತ್ತೇಳು ಎಂಬುದು ಚೆನ್ನವ್ವನ ತಲೆಗೆ ಹೋಗಲಿಲ್ಲ, ಫೋಟೊ ಹೋಯಿತು. ತನ್ನ ಮನೆಯ ಹುಲ್ಲು ಕೊಲ್ಹಾಪುರದ ತನಕ ಮಂದಿಯ ಕಣ್ಣಿಗೆ ಬೀಳುವುದೇ? ಭಾನುವಾರ ಬಸವಣ್ಣೆಪ್ಪ ಇಚಲಕರಂಜಿಗೆ ಹೋದದ್ದೇ ತಡ, ಹಲ್ಲು ಕಚ್ಚಿ ಏಣಿ ಹತ್ತಿದಳು. ತುಂಬೆ, ಗರಿಕೆ, ನೆಲನೆಲ್ಲಿ, ಬಿಳಿ ಹೂವು ಎಲ್ಲವನ್ನೂ ಬೇರುಸಮೇತ ಕಿತ್ತು ಎಮ್ಮೆಗೆ ಹಾಕಿದಳು. ಎಮ್ಮೆ ಏನನ್ನೂ ಎಣಿಸದೆ ತಿಂದಿತು.

ಸೋಮವಾರ ಸರ್ ಜೊತೆ ಬಂದು ಏಣಿ ಹತ್ತಿದ ಋತುಜಾಳ ಮುಖ ಬಾಡಿಹೋಯಿತು. ಕೆಳಗಿಳಿದು ಬಂದು, "ಏನಾತ್ರಿ ಆಜಿ?" ಎಂದಳು. ಅವಳ ಕಣ್ಣಲ್ಲಿ ನೀರು ಕಂಡಾಗಲೇ ಚೆನ್ನವ್ವನಿಗೆ ತಾನು ಮಾಡಿದ್ದು ಎಂಥದ್ದೆಂದು ತಿಳಿದದ್ದು. ಆಗಲಾದರೂ ನಿಜ ಹೇಳಬಹುದಿತ್ತು. ನಾಲಿಗೆ ಮರ್ಯಾದೆ ಉಳಿಸಿಕೊಳ್ಳುವತ್ತ ಹೊರಳಿತು.

"ಯಮುನವ್ವನ ಆಡ ಹತ್ತಿತ್ರಿ. ಎಲ್ಲಾ ಮೇದು ಹೋತು."

ಸರ್ ಏಣಿ ಹತ್ತಿ ಬರಿ ಮಣ್ಣನ್ನೊಮ್ಮೆ ನೋಡಿ ಇಳಿದರು. ಋತುಜಾ 'ಆಡು ಮೇಯ್ದಿದೆ' ಎಂದು ಬರೆದುಕೊಂಡಳು. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಯಮುನವ್ವ ಎದ್ದು ಒಳಗೆ ಹೋಗಿದ್ದನ್ನು ಚೆನ್ನವ್ವ ಓರೆಗಣ್ಣಿನಿಂದ ಕಂಡಳು.

ಮರುದಿನ ಚಹಾಕ್ಕೆ ಯಮುನವ್ವ ಬರಲಿಲ್ಲ. ಹೊತ್ತೇರಿದ ಮೇಲೆ ಬಂದಳು. ಮೊಣಕೈ ತರಚಿ ರಕ್ತ ಒಸರಿತ್ತು, ಸೀರೆಗೆಲ್ಲ ಮಣ್ಣು. ಕಂಕುಳಲ್ಲಿ ಬುಟ್ಟಿ.

"ತಪ್ಪಾತವ್ವ ಚೆನ್ನಿ. ಮೂಕ ಪ್ರಾಣಿ, ಅದಕ್ಕೇನ ತಿಳಿತೈತಿ? ಗಿಡ್ಡ ಹಗ್ಗದಾಗ ಕಟ್ಟೇನಿ, ಇನ್ನ ಹತ್ತಂಗಿಲ್ಲ. ನಮ್ಮ ಮಾಳಿಗಿ ಮ್ಯಾಲೆ ಮೂಲ್ಯಾಗ ಇವು ಉಳದಿದ್ವು. ಮಣ್ಣ ಸಮೇತ ತಂದೇನಿ. ನಿನ್ನ ಮಾಳಿಗಿಗಿ ಹಚ್ಚೂಣಂತ. ಪಾಪ, ಆ ಹುಡುಗಿ ಅಳಾಕತ್ತಿತ್ತು."

ಬುಟ್ಟಿಯಲ್ಲಿ ಜೀರಿಗೆಯಷ್ಟು ಬಿಳಿ ಹೂವು ನಡುಗುತ್ತಿತ್ತು. ಕುಸಿಯುವ ಮಾಳಿಗೆಯ ಮೇಲೆ ಈ ಮುದುಕಿ ಹತ್ತಿದ್ದಳು! ಚೆನ್ನವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ಇವಳೇ ಬಾಯಿ ಬಿಡಬೇಕಾಯಿತು. ಗಂಡನ ಕಡೆಯಿಂದ ಋತುಜಾಗೆ ಫೋನು ಹಚ್ಚಿಸಿ, ಯಮುನವ್ವನ ಎದುರಿಗೇ ಹೇಳಿದಳು.

"ತಂಗಿ, ಆಡು ಅಂತ ಬರದಿಯಲ್ಲ, ಅದನ್ನ ಹೊಡದ ಹಾಕು. ಚೆನ್ನವ್ವ ಕಿತ್ತಾಳ ಅಂತ ಬರಿ. ಸುಳ್ಳ ಹೇಳಿದ್ನಿ."

ಆ ಕಡೆಯಿಂದ ಋತುಜಾಳ ದನಿ ಬಂತು: "ಗೊತ್ತಿತ್ರಿ ಆಜಿ. ಸರ್ ಅವತ್ತ ಅಂದ್ರು, ಆಡ ಮೇದ್ರ ಬೇರು ಉಳಿತಾವ, ಇಲ್ಲಿ ಅವೂ ಇಲ್ಲ ಅಂತ. ನಿಮ್ಮನ್ನ ಕೇಳಾಕ ನಮಗ ಸಂಕೋಚ ಆತ್ರಿ."

ಯಮುನವ್ವ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹುಲ್ಲಿಗಿ ನಾಚಿದಿ," ಎಂದಳು, "ನನ್ನ ಮ್ಯಾಲೆ ಹಾಕಾಕ ನಾಚಿಕಿ ಬರಲಿಲ್ಲೇನ ಚೆನ್ನಿ?"

ಉತ್ತರಕ್ಕೆ ಕಾಯದೆ ಹೋಗಿ ಆಡಿನ ಹಗ್ಗ ಬಿಚ್ಚಿದಳು. ಚೆನ್ನವ್ವ ಒಬ್ಬಳೇ ಏಣಿ ಹತ್ತಿ ಬುಟ್ಟಿಯ ಗಿಡಗಳನ್ನು ನೆಟ್ಟಳು. ಈಗ ದಿನಾ ನಸುಕಿನಲ್ಲಿ ತಂಬಿಗೆಯಿಂದ ನೀರು ಹಾಕಿ ಬರುತ್ತಾಳೆ. ಮಾಳಿಗೆ ಮತ್ತೆ ಹಸಿರಾಗುತ್ತಿದೆ. ಕೆಳಗಿಳಿದು ಎರಡು ಕಪ್ ಚಹಾ ಮಾಡಿ ಕಟ್ಟೆಯ ಮೇಲೆ ಇಡುತ್ತಾಳೆ. ಒಂದನ್ನು ಕುಡಿಯುತ್ತಾಳೆ, ಇನ್ನೊಂದು ಆರುವ ತನಕ ಕಾದು ಒಳಗೆ ಒಯ್ಯುತ್ತಾಳೆ.