ಅಕ್ಕನ ಮಾತಿನ ಪ್ರೋಗ್ರಾಂ

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕನಿಗೆ ದನಿ ಬರಲಿಲ್ಲ. ಕೊಟ್ಟೂರಿನ ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಗ್ಗಿ ಹೇಳಿಕೊಟ್ಟವಳು. ಹರಪನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಅವಳ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಟೈಪ್ ಮಾಡಿದ ಕನ್ನಡವನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಂ ಒಂದನ್ನು ಕೂಡಿಸಿಕೊಟ್ಟಿದ್ದೆ. ಹೆಡ್‌ಮಾಸ್ತರರು, "ಸೋಮವಾರ ಒಂದಿನ ಕ್ಲಾಸ್ ತಗೊಂಡು ನೋಡ್ರಿ ಟೀಚರ್. ಆಗಲಿಲ್ಲಂದ್ರ ಆಫೀಸ್ ಕೆಲಸಕ್ಕ ಹಾಕ್ರಿ ಅಂತ ಮ್ಯಾಲಕ್ಕ ಬರೀತೀನಿ" ಎಂದಿದ್ದರು. ಆಫೀಸಿನ ಮಾತು ಬಂದರೆ ಅಕ್ಕ ಮುಖ ತಿರುಗಿಸುತ್ತಿದ್ದಳು.

ಶುಕ್ರವಾರ ಅವಳ ಗಂಡ ಫೋನ್ ಮಾಡಿದರು. ನಾನು ಅವರನ್ನು ಮಾವ ಎನ್ನುತ್ತೇನೆ; ಕಿರಾಣಿ ಅಂಗಡಿ ಇಟ್ಟವರು. ಕಂಪ್ಯೂಟರಿನ ದನಿ ಬಹಳ ಗಡಿಬಿಡಿಯಲ್ಲಿ ಓಡುತ್ತದೆ, ಮಕ್ಕಳಿಗೆ ತಿಳಿಯಲಿಕ್ಕಿಲ್ಲ ಎಂದರು. ಸೆಟ್ಟಿಂಗ್ಸ್ ಇರುವ ಫೈಲು ತೆರೆದು, ವೇಗದ ಅಂಕಿ ಕಡಿಮೆ ಮಾಡಿ, ಸೇವ್ ಮಾಡಲು ಫೋನಿನಲ್ಲೇ ಹೇಳಿಕೊಟ್ಟೆ. ಅಂದಿನಿಂದ ಪ್ರೋಗ್ರಾಂ ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗತೊಡಗಿತು.

ಭಾನುವಾರ ಬೆಳಿಗ್ಗೆ ಬಸ್ ಹಿಡಿದು ಹೋದೆ.

"ಮಾವ, ಬ್ಯಾರೆ ಏನಾರ ಮುಟ್ಟೀರೇನ್ರಿ?"

"ನೀ ಹೇಳಿದ್ದಷ್ಟ ಮಾಡೀನಪಾ."

ನಾನು ಅಪ್‌ಡೇಟನ್ನು ಬೈದೆ, ಲ್ಯಾಪ್‌ಟಾಪನ್ನು ಬೈದೆ. ಪ್ರೋಗ್ರಾಂ ತೆಗೆದುಹಾಕಿ ಮತ್ತೆ ಹಾಕಿದೆ. ಎರಡು ಸಲ. ಅದೇ ಹಾಡು. ಮೊದಲು ಎರರ್ ಓದಿರಿ ಎಂದು ಕಾಲೇಜಿನಲ್ಲಿ ಹುಡುಗರ ಮೇಲೆ ರೇಗುವವನು ನಾನೇ. ಆ ಬುದ್ಧಿ ನನಗೆ ಬಂದದ್ದು ಊಟದ ಹೊತ್ತಿಗೆ. ಅಕ್ಕ ಅಷ್ಟು ಹೊತ್ತೂ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಹಿಂಸೆಯಾಗುತ್ತಿತ್ತು.

ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಪ್ರೋಗ್ರಾಮಿನ ಹೆಸರು ಟೈಪ್ ಮಾಡಿದೆ. ಸಾಯುವ ಮುಂಚೆ ಅದು ಒಂದು ಸಾಲು ಬಿಟ್ಟುಹೋಯಿತು: ಸೆಟ್ಟಿಂಗ್ಸ್ ಫೈಲಿನ ಒಂದನೇ ಸಾಲು ತಿಳಿಯುತ್ತಿಲ್ಲ. ಪ್ರೋಗ್ರಾಂ ತೆಗೆದರೂ ಆ ಫೈಲು ಅಕ್ಕನ ಫೋಲ್ಡರಿನಲ್ಲೇ ಉಳಿದಿರುತ್ತದೆ. ಮತ್ತೆ ಮತ್ತೆ ಹಾಕಿ ಏನು ಬಂತು? ಫೈಲು ತೆರೆದೆ. ವೇಗದ ಅಂಕಿ ಸರಿಯಾಗಿಯೇ ಇತ್ತು. ಎಲ್ಲಕ್ಕಿಂತ ಮೇಲೆ, ನಟ್ಟನಡುವೆ, ಅಂದವಾಗಿ: ಶ್ರೀ.

"ಇದು ಯಾಕ್ರಿ ಮಾವ?"

"ಮತ್ತ? ಬರಿಯಾಕ ಕುಂತ್ರ ಮೊದಲ ಶ್ರೀ ಹಾಕಬೇಕಲ್ಲೋ."

ಸಂತೆಯ ಚೀಟಿಗೂ ಶ್ರೀ ಹಾಕುವ ಮನುಷ್ಯ. ಫೋನಿನಲ್ಲಿ ಅದನ್ನು ಹಾಕಬೇಡಿ ಎಂದು ನಾನು ಹೇಳಿರಲಿಲ್ಲ. ಅಳಿಸಲು ಕೈ ಹಾಕಿದೆ.

"ಏ, ಅಳಿಸಬ್ಯಾಡ. ನಾಳೆ ಆಕಿ ಸಾಲಿಗೆ ಪಾಠ ಮಾಡಾಕ ಹೊಂಟಾಳ."

ವಾದ ಮಾಡುವ ಚೈತನ್ಯ ಇರಲಿಲ್ಲ. ಶ್ರೀ ಇದ್ದ ಸಾಲಿನ ಮೊದಲಿಗೆ ಒಂದು ಹ್ಯಾಷ್ (#) ಗುರುತು ಹಾಕಿದೆ. ಆ ಗುರುತಿನಿಂದ ಶುರುವಾಗುವ ಸಾಲನ್ನು ಪ್ರೋಗ್ರಾಂ ಓದದೆ ದಾಟಿಕೊಂಡು ಹೋಗುತ್ತದೆ. ಮಾವನ ಶ್ರೀ ಮಾವನಿಗೆ ಇರಲಿ. ಪ್ರೋಗ್ರಾಂ ತೆರೆಯಿತು. ಈ ಸಲ ಮಾಯವಾಗಲಿಲ್ಲ.

ಅಕ್ಕ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಟೈಪ್ ಮಾಡಿದಳು. "ನಂಬರ್ ಒಂದು" ಎಂದಿತು ದನಿ, ನಿಧಾನವಾಗಿ. ನಾವಿಬ್ಬರೂ ಪರದೆಯನ್ನೇ ನೋಡಿದೆವು. ಅಕ್ಕ ತಲೆ ಎತ್ತಿ, ಹಾಜರಿ ಹೇಳದ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಹಾಜರ್ರಿ ಟೀಚರ್" ಎಂದೆ.

"ನಂಬರ್ ಎರಡು."

"ಹಾಜರ್ರಿ" ಎಂದರು ಮಾವ.

"ನಂಬರ್ ಮೂರು" ಎಂದಾಗ ಮೂರನೆಯವರು ಯಾರೂ ಇರಲಿಲ್ಲ; ನಾನೇ ಮತ್ತೆ ಕೈ ಎತ್ತಿದೆ.