ಜಪಾನಿಗೆ ಹೋಗುವುದು ಕತ್ತರಿ ಹಿಡಿಯಲು

ಮೊದಲು ಕ್ಷಮೆ ಕೇಳಬೇಕು. ನನ್ನ ಕೈಬರಹ ಚೆನ್ನಾಗಿಲ್ಲ. ಒತ್ತಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರುತ್ತವೆ. ಕನ್ನಡ ಕಲಿತದ್ದು ಭಾನುವಾರದ ತರಗತಿಯಲ್ಲಿ, ಹಾಗಾಗಿ ನನ್ನ ಬಳಿ ಪದಗಳೂ ಕಡಿಮೆ. ‘ನಾನು’ ಎಂದು ಬರೆಯಲು ಹೊರಟರೆ ನಾಚಿಕೆಯಾಗಿ ಪೆನ್ನು ನಿಂತುಬಿಡುತ್ತದೆ, ಅದಕ್ಕೆ ‘ಅವಳು’ ಎಂದೇ ಬರೆದಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿ. ನಡೆದದ್ದನ್ನು ಮಾತ್ರ ತಿದ್ದಬೇಡಿ.

ಸಿಂಗಾಪುರದ ಬುಕಿತ್ ಬಾಟೋಕ್‌ನಲ್ಲಿ ನಿಶ್ಚಿತಾ ಎಂಬ ಹುಡುಗಿ ಇದ್ದಾಳೆ. ವಯಸ್ಸು ಹದಿನೇಳು. ಅಪ್ಪ ದತ್ತಾತ್ರೇಯ ಮೈಸೂರಿನವರು, ಇಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಅಮ್ಮ ಮೀರಾ. ನಿಶ್ಚಿತಾ ಪಾಲಿಟೆಕ್ನಿಕ್‌ನಲ್ಲಿ, ಇಲ್ಲಿನವರ ಬಾಯಲ್ಲಿ ‘ಪಾಲಿ’ಯಲ್ಲಿ, ಐಟಿ ಡಿಪ್ಲೊಮಾಗೆ ಸೇರಿ, ಮೊದಲ ವರ್ಷ ಮುಗಿಯುವ ಮುಂಚೆಯೇ ಬಿಟ್ಟಳು. ಎಲ್ಲರೆದುರು ಎದ್ದು ನಿಂತು ಪ್ರೆಸೆಂಟೇಷನ್ ಕೊಡಬೇಕಾದ ದಿನ ಅವಳು ಕ್ಲಾಸಿಗೇ ಹೋಗುತ್ತಿರಲಿಲ್ಲ. ಈಗ ಆಂಗ್ ಮೋ ಕಿಯೋದ ಒಂದು ಸಲೂನಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಗಿರಾಕಿಗಳ ತಲೆ ತೊಳೆಯುತ್ತಾಳೆ, ಬಣ್ಣ ಕಲಸುತ್ತಾಳೆ, ನೆಲದ ಮೇಲಿನ ಕೂದಲು ಗುಡಿಸುತ್ತಾಳೆ, ಇತ್ತೀಚೆಗೆ ಕತ್ತರಿಯನ್ನೂ ಹಿಡಿಯುತ್ತಾಳೆ. ತಲೆ ತೊಳೆಸಿಕೊಳ್ಳುವವರು ಕಣ್ಣು ಮುಚ್ಚಿಕೊಂಡಿರುತ್ತಾರೆ. ಕಣ್ಣು ಮುಚ್ಚಿದವರ ಜೊತೆ ಅವಳಿಗೆ ಮಾತು ಸಲೀಸಾಗಿ ಬರುತ್ತದೆ.

ಅವಳ ಮನೆಯಲ್ಲಿ ಒಂದು ಪದ್ಧತಿ ಇದೆ. ಕ್ಷೌರ ಮಾಡಿಸಿಕೊಂಡು ಬಂದವರು ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು. ಅಪ್ಪ ತಿಂಗಳಿಗೊಮ್ಮೆ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. ಸಲೂನಿಗೆ ಸೇರಿದ ಮೇಲೆ ಅವಳಿಗೆ ಅದು ದಿನದ ಪಾಡಾಯಿತು.

“ಮಂಗಳವಾರ, ಶುಕ್ರವಾರನಾದ್ರೂ ಆಫ್ ಕೇಳು. ಆ ದಿನ ಕೂದಲು ಕತ್ತರಿಸ್ಬಾರ್ದು” ಎಂದರು ಅಮ್ಮ.

“ಶುಕ್ರವಾರನೇ ಜಾಸ್ತಿ ಜನ ಬರೋದಮ್ಮ.”

ಒಂದು ಶುಕ್ರವಾರ ಅವಳು ಕೆಲಸದಿಂದ ಬಂದು, ಕೈಕಾಲು ತೊಳೆದು, ಸೀದಾ ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿದಳು. ಅಪ್ಪ ಕುಡಿಯಲಿಲ್ಲ. ಎರಡು ಲೋಟವನ್ನೂ ಅವಳೇ ಕುಡಿದಳು. ಅಂದಿನಿಂದ ಬಚ್ಚಲಿಗೆ ಹೋಗುವುದು ಅವಳಿಗೆ ಬೇಕೆನಿಸಿದಾಗ ಮಾತ್ರ.

ಈ ವರ್ಷ ಸಲೂನಿನ ಒಡತಿ ಮಿಸೆಸ್ ಲಿಮ್ ಅವಳ ಹೆಸರನ್ನು ಒಂದು ಪ್ರವಾಸಕ್ಕೆ ಕೊಟ್ಟರು. ಬೇರೆ ಬೇರೆ ಕಸುಬು ಕಲಿಯುತ್ತಿರುವ ಹುಡುಗ ಹುಡುಗಿಯರು ಜಪಾನಿನ ಒಸಾಕಾಗೆ ಹೋಗಿ ಎರಡು ವಾರ ಇರುವುದು. ಬೆಳಿಗ್ಗೆ ಅಲ್ಲಿನವರ ಕೈಕೆಳಗೆ ಕೆಲಸ, ಸಂಜೆ ಅವರವರ ನಾಡಿನ ಕಲೆಯೊಂದನ್ನು ಮಾಡಿ ತೋರಿಸುವುದು. ನಿಶ್ಚಿತಾ ಮೊಗ್ಗಿನ ಜಡೆ ತೋರಿಸುತ್ತೇನೆಂದು ಹೇಳಿದ್ದಳು. ಹೆಸರು ಆಯ್ಕೆಯಾಯಿತು. ಇನ್ನು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಒಪ್ಪಿಗೆಗೆ ಸಹಿ ಹಾಕಿದರೆ ಸಾಕಿತ್ತು. ಅಪ್ಪ “ನೋಡೋಣ” ಎಂದರು. ಅಮ್ಮ ಅಪ್ಪನ ಮುಖ ನೋಡಿದರು.

ಸಹಿ ಹಾಕದಿದ್ದರೂ ಸುದ್ದಿಯನ್ನು ಮಾತ್ರ ಅಮ್ಮ ಊರೆಲ್ಲ ಹಂಚಿದರು, ಅದೂ ಅರ್ಧ. ಲಿಟಲ್ ಇಂಡಿಯಾದಲ್ಲಿ ತರಕಾರಿ ಆರಿಸುತ್ತಾ ಪರಿಚಿತರೊಬ್ಬರಿಗೆ ಹೇಳಿದರು, “ನಿಶ್ಚಿ ಜಪಾನಿಗೆ ಸೆಲೆಕ್ಟ್ ಆಗಿದ್ದಾಳೆ. ಕಲ್ಚರಲ್ ಎಕ್ಸ್‌ಚೇಂಜ್.” ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದ ನಿಶ್ಚಿತಾ ಬಾಯಿ ತೆರೆದಳು. ಅಮ್ಮ ಅವಳ ಕೈಗೆ ಒಂದು ಪಡವಲಕಾಯಿ ಕೊಟ್ಟರು.

ಸುದ್ದಿ ಅನುಸೂಯಾ ಆಂಟಿಯ ಕಿವಿಗೆ ಬಿತ್ತು. ಇಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮ ನಡೆಸುವವರು ಅವರು. ಫೋನ್ ಮಾಡಿ, ಹುಡುಗಿಯನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ ಎಂದರು. ಅಂದು ಅಪ್ಪ ಮೊದಲ ಸಲ ಸಲೂನಿನ ವಿಷಯ ತಾವಾಗಿಯೇ ಎತ್ತಿದರು.

“ಸುಮ್ನೆ ಹೋಗಿ ಶಾಲು ಹೊದಿಸ್ಕೊಂಡು ಬಾ. ಪಾರ್ಲರು, ಕತ್ತರಿ ಅದೆಲ್ಲ ಎತ್ಬೇಡ. ಹಾಗಿದ್ರೆ ಸಹಿ ಹಾಕ್ತೀನಿ. ಬಂದ ಮೇಲೆ ಪಾಲಿಗೆ ವಾಪಸ್ ಸೇರ್ಬೇಕು, ಅದೂ ಇರ್ಲಿ.”

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅಪ್ಪ ಅದನ್ನು ಹೂಂ ಎಂದೇ ತಿಳಿದರು.

ಕಾರ್ಯಕ್ರಮದ ದಿನ ಕಮ್ಯುನಿಟಿ ಕ್ಲಬ್ಬಿನ ಹಾಲ್ ತುಂಬಿತ್ತು. ಹಿಂದಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಜನರಿಗೆ ಊಟದ ಅವಸರ. ಅನುಸೂಯಾ ಆಂಟಿ ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ಶಾಲು ಹಿಡಿದು, “ನಮ್ಮ ಸಂಸ್ಕೃತಿಯ ರಾಯಭಾರಿ!” ಎಂದು ಕೂಗಿದರು. ನಿಶ್ಚಿತಾ ವೇದಿಕೆ ಹತ್ತಿದಳು.

“ಜಪಾನಲ್ಲಿ ಏನು ಪರ್ಫಾರ್ಮ್ ಮಾಡ್ತೀಯಮ್ಮ? ಭರತನಾಟ್ಯನಾ?”

“ಮೊಗ್ಗಿನ ಜಡೆ ಹೆಣೆದು ತೋರಿಸ್ತೀನಿ ಆಂಟಿ.”

“ವಾವ್! ಎಂಥಾ ಒಳ್ಳೆ ಹಾಬಿ!”

ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು. ಇಲ್ಲಿಗೆ ನಿಲ್ಲಿಸಿದರೆ ಸಹಿ ಸಿಗುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

“ಹಾಬಿ ಅಲ್ಲ ಆಂಟಿ, ಕೆಲಸ. ನಾನು ಪಾಲಿ ಬಿಟ್ಟಿದ್ದೀನಿ. ಸಲೂನಲ್ಲಿ ಕೂದಲು ತೊಳೀತೀನಿ, ಕಟ್ ಮಾಡ್ತೀನಿ. ಜಪಾನಿಗೆ ಹೋಗೋದೂ ಅದನ್ನ ಕಲಿಯೋಕೇ. ಅದಕ್ಕಾದ್ರೆ ಶಾಲು ಹೊದಿಸಿ. ಇಲ್ಲಾಂದ್ರೆ ಬೇಡ.”

ಆಂಟಿಯ ಕೈಯಲ್ಲಿ ಶಾಲು ಅರ್ಧ ಬಿಚ್ಚಿಕೊಂಡು ಹಾಗೇ ನಿಂತಿತು. ಹಿಂದಿನ ಸಾಲಿನಿಂದ ಅವಳದೇ ಕಟ್ಟಡದ ಗಿರಿಧರ್ ಅಂಕಲ್ ಕೂಗಿದರು, “ಕಟಿಂಗ್ ಶಾಪಾ? ನಮಗೆಲ್ಲ ಡಿಸ್ಕೌಂಟ್ ಉಂಟೇನಮ್ಮಾ?” ಕೆಲವರು ನಕ್ಕರು. ಒಳ್ಳೆಯ ನಗುವಲ್ಲ.

ಅವಳು ಕಣ್ಣು ತೆರೆದು ಅವರ ತಲೆ ನೋಡಿದಳು. “ಟ್ರೈನಿ ಕೈಲಿ ಮಾಡಿಸ್ಕೊಂಡ್ರೆ ಅರ್ಧ ರೇಟು ಅಂಕಲ್. ಆದ್ರೆ ನಿಮಗೆ ಅದೂ ಜಾಸ್ತಿಯಾಗುತ್ತೆ, ಕೂದಲು ಅಷ್ಟಿಲ್ಲ.”

ಈ ಸಲ ಇಡೀ ಹಾಲ್ ನಕ್ಕಿತು. ಅನುಸೂಯಾ ಆಂಟಿ ಏನು ಮಾಡಬೇಕೆಂದು ತಿಳಿಯದೆ ಶಾಲನ್ನು ಮಡಚಿ ಅವಳ ಕೈಗೆ ಕೊಟ್ಟರು. ಹೊದಿಸಲಿಲ್ಲ. ಅವಳೇ ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದಳು.

ಅಪ್ಪ ಊಟಕ್ಕೂ ನಿಲ್ಲದೆ ಎದ್ದರು. ಮನೆಯಲ್ಲಿ ಅವಳು ಒಪ್ಪಿಗೆ ಪತ್ರವನ್ನು ಅಪ್ಪನ ಮುಂದಿಟ್ಟಳು.

“ನಾಚಿಕೆ ಇದೆಯಾ? ನಾನು ಹಾಕಲ್ಲ.”

“ಸರಿ ಅಪ್ಪ. ಪಾಲಿಗೂ ನಾನು ಸೇರಲ್ಲ.”

ಆಗ ಅಮ್ಮ ಅಡುಗೆಮನೆಯಿಂದ ಬಂದರು. ಅತ್ತು ಮೂಗು ಕೆಂಪಾಗಿತ್ತು. ನೇರ ಮಗಳ ಕಡೆ ತಿರುಗಿದರು.

“ಮೂಗು ಕುಯ್ದೆಯಲ್ಲೇ! ಇಡೀ ಸಿಂಗಾಪುರಕ್ಕೆ ನೀನು ಜಪಾನಿಗೆ ಹೋಗ್ತೀಯ ಅಂತ ಹೇಳ್ಕೊಂಡು ಬಂದಿದ್ದೀನಿ. ಈಗ ಹೋಗ್ದೆ ಇದ್ರೆ ಆ ಜಪಾನೂ ಸುಳ್ಳು ಅಂದ್ಕೋತಾರೆ ಜನ!” ಎಂದು ಪೆನ್ನಿಗಾಗಿ ಕೈ ಚಾಚಿದರು.

“ಮೀರಾ...” ಎಂದರು ಅಪ್ಪ.

“ಅರ್ಧ ಹೇಳಿ ಸಿಕ್ಕಿಹಾಕ್ಕೊಂಡಿರೋಳು ನಾನು, ನೀವಲ್ಲ. ಸುಮ್ನಿರಿ.” ಅಮ್ಮ ಸಹಿ ಹಾಕಿದರು. ಕಾಗದ ಹರಿಯುವಷ್ಟು ಒತ್ತಿ ಹಾಕಿದರು. ಆಮೇಲೆ ಆ ದಿನವೆಲ್ಲ ಮಗಳ ಜೊತೆ ಮಾತು ಬಿಟ್ಟರು.

ಅಪ್ಪ ಇನ್ನೂ ಮಾತಾಡುತ್ತಿಲ್ಲ. ಗಿರಿಧರ್ ಅಂಕಲ್ ಇವತ್ತು ಲಿಫ್ಟಿನಲ್ಲಿ ಸಿಕ್ಕಾಗ ಮೊಬೈಲ್ ನೋಡುತ್ತಾ ನಿಂತರು. ಇರಲಿ. ನಾಳೆ ನಿಶ್ಚಿತಾ ಸಹಿಯಾದ ಕಾಗದವನ್ನು ಮಿಸೆಸ್ ಲಿಮ್‌ಗೆ ಕೊಟ್ಟು, ಎಂದಿನಂತೆ ಗಿರಾಕಿಗಳ ತಲೆ ತೊಳೆಯುತ್ತಾಳೆ. ಜೂನ್‌ನಲ್ಲಿ ಒಸಾಕಾಗೆ ಹೋಗುತ್ತಾಳೆ. ಏಕೆ ಹೋಗುತ್ತಿದ್ದೀಯ ಎಂದು ಯಾರು ಕೇಳಿದರೂ, ಕೂದಲು ಕತ್ತರಿಸುವುದನ್ನು ಕಲಿಯಲು ಎಂದು ಹೇಳುತ್ತಾಳೆ.